ಕೆಂಪು ಕಂಡರೆ ಹಿಗ್ಗುವ ಅಪ್ಪ

ತೈವಾನಿನ ತೈನಾನ್ ಊರಿನ ಸಕ್ಕರೆ ಕಾಯಿಲೆ ಆಸ್ಪತ್ರೆಯಲ್ಲಿ ಸರದಿ ಕಾದು ಕಾದು ತೂಕಡಿಸುತ್ತಿದ್ದ ಚ್ವಾಂಗ್ ಅಜ್ಜಿಗೆ ಪಕ್ಕದ ಬೆಂಚಿನ ಜಗಳಕ್ಕೆ ನಿದ್ದೆ ಹಾರಿತು. ಮಗಳೊಬ್ಬಳು ಅಪ್ಪನ ಮೂಗಿನ ಮುಂದೆ ಮೊಬೈಲು ಹಿಡಿದಿದ್ದಳು.

“ನಿನ್ನ ಸಕ್ಕರೆ ಎಷ್ಟಿದೆ ಅಂತ ದಿನಾ ಗೆರೆ ಎಳ್ದು ಕಳಿಸ್ತಿದ್ನಲ್ಲ ಅಪ್ಪಾ, ನೋಡ್ಲಿಲ್ವಾ?”

“ನೋಡ್ದೆ ಕಣೇ. ಕೆಂಪಗೆ ಮೇಲೇರ್ತಾ ಇತ್ತು. ಖುಷಿಯಾಗಿ ಅನಾನಸ್ ಕೇಕ್ ತಿಂದೆ.”

“ಅಯ್ಯೋ ನನ್ನ ಕರ್ಮವೇ! ಕೆಂಪು ಅಂದ್ರೆ ಅಪಾಯ!”

“ಯಾರಿಗೆ? ಜೀವಮಾನವಿಡೀ ನಮ್ಮ ತೈವಾನ್ ಷೇರುಪೇಟೆ ಬೋರ್ಡ್ ನೋಡಿರೋ ಕಣ್ಣಿದು. ಅಲ್ಲಿ ಕೆಂಪು ಅಂದ್ರೆ ಏರಿತು, ಹಸಿರು ಅಂದ್ರೆ ಮುಳುಗ್ತು.”

“ಪಕ್ಕದಲ್ಲೇ ಅಂಕಿ ಬರ್ದಿದ್ನಲ್ಲಪ್ಪಾ!”

“ಬಣ್ಣ ಕಂಡ್ಮೇಲೆ ಅಂಕಿ ಯಾರು ಓದ್ತಾರೆ?”

“ಸರಿ, ನಾಳೆಯಿಂದ ಸಕ್ಕರೆ ಏರಿದ್ರೆ ಹಸಿರು ಹಾಕ್ತೀನಿ.”

“ಬೇಡ ಕಣೇ, ಎದೆ ಒಡ್ದೋಗುತ್ತೆ!”

“ನಂಗೆ ಬೇಕಾಗಿರೋದೂ ಅದೇ. ಏಳು, ನಮ್ಮನ್ನ ಕರೀತಿದಾರೆ.”

ಗೊಣಗುತ್ತಲೇ ಇಬ್ಬರೂ ಒಳಗೆ ಹೋದರು. ಎದುರು ಗೋಡೆಗೆ ಆಸ್ಪತ್ರೆಯವರು ಅಂಟಿಸಿದ್ದ ಚಿತ್ರದಲ್ಲೂ ಗೆರೆಯೊಂದು ಕೆಂಪಗೆ ಮೇಲೇರಿತ್ತು. ಕೆಂಪು ಶುಭದ ಬಣ್ಣವೆಂದು ಇಷ್ಟು ದಿನ ಅದನ್ನು ಹೊಸವರ್ಷದ ಹಾರೈಕೆ ಎಂದುಕೊಂಡಿದ್ದ ಚ್ವಾಂಗ್ ಅಜ್ಜಿ, ಕೈಲಿದ್ದ ಸಿಹಿ ಬನ್ನನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದಳು.