ವಿಶಾಲಮ್ಮನವರ ಗಂಟು ಮತ್ತು ನನ್ನ ಜೀವಶಾಸ್ತ್ರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಇಂದು ಸನ್ಮಾನಗೊಳ್ಳುತ್ತಿರುವ ನನ್ನ ಶಿಷ್ಯೆ ಡಾಕ್ಟರ್ ಚೈತ್ರಶ್ರೀಯವರೇ, ಹಿಂದಿನಿಂದ ಬರುತ್ತಿರುವ ಒಗ್ಗರಣೆಯ ಘಮವನ್ನು ಸಹಿಸಿಕೊಂಡು ಕುಳಿತಿರುವ ಆಲೂರಿನ ಸಭಿಕರೇ,

ಐದು ನಿಮಿಷ ಮಾತಾಡಿ ಎಂದಿದ್ದಾರೆ. ಮೂವತ್ತೊಂದು ವರ್ಷ ಜೀವಶಾಸ್ತ್ರ ಪಾಠ ಮಾಡಿದವನಿಗೆ ಐದು ನಿಮಿಷದಲ್ಲಿ ಹಾಜರಿ ಕೂಗಿಯೂ ಮುಗಿಯುವುದಿಲ್ಲ.

ಮಾರನಹಳ್ಳಿಯ ದೇವೇಂದ್ರ ಅವರ ಮಗಳು ಈ ಚೈತ್ರಶ್ರೀ. ಹತ್ತನೇ ತರಗತಿಯಲ್ಲಿ ಒಂದು ದಿನ ಎದ್ದು ನಿಂತು ಕೇಳಿದಳು: "ಸಾರ್, ಹೊಟ್ಟೇಲಿರೋ ಮಗೂಗೆ ಐದು ಬೆರಳು ಬಂದ್ಮೇಲೆ ಸಾಕು ಅಂತ ಯಾರು ಹೇಳ್ತಾರೆ?" ನಾನೇನು ಹೇಳಿದೆ? "ಅದು ಸಿಲೆಬಸ್‌ನಾಗೆ ಇಲ್ಲ, ಕೂತ್ಕೊಳಮ್ಮ." ನನಗೆ ಗೊತ್ತಿಲ್ಲದ್ದನ್ನೆಲ್ಲ ನಾನು ಸಿಲೆಬಸ್ಸಿನಿಂದ ಹೊರಗೆ ಹಾಕುತ್ತಿದ್ದೆ.

ಆ ಪ್ರಶ್ನೆಯನ್ನೇ ಹಿಡಿದು ಆಕೆ ಆರು ವರ್ಷ ಸಂಶೋಧನೆ ಮಾಡಿದರು. ಜೀವಕೋಶದ ಮೈಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಬೆಳೆ, ನಿಲ್ಲು, ಚರ್ಮವಾಗು, ಸ್ನಾಯುವಾಗು ಎಂಬ ಸಂಕೇತಗಳನ್ನು ಹಿಡಿದು ಅವು ಒಳಗೆ ತಲುಪಿಸುತ್ತವೆ. ನಾವೆಲ್ಲ ಆಕಾರಕ್ಕೆ ಬಂದದ್ದೇ ಹಾಗೆ. ಅದೇ ಗ್ರಾಹಕ ಮಿತಿಮೀರಿ ಹೆಚ್ಚಿದರೆ, ಬೆಳೆ ಬೆಳೆ ಎಂಬ ಸಂಕೇತ ನಿಲ್ಲುವುದೇ ಇಲ್ಲ. ಕ್ಯಾನ್ಸರ್ ಹಬ್ಬುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿ ವಿಶಾಲಮ್ಮ ಬಂದು, "ರೀ, ಎದೇಲೊಂದು ಗಂಟು ಸಿಗ್ತೈತೆ" ಎಂದರು. ಜೀವಶಾಸ್ತ್ರದ ಮೇಷ್ಟ್ರು ಏನು ಮಾಡಿದ? ಅರಿಶಿನ ತೇದು ಹಚ್ಚಿಸಿದ! ಮೂರು ತಿಂಗಳು ಹಚ್ಚಿಸಿದ! ರವಿಕೆಗಳೆಲ್ಲ ಹಳದಿಯಾದವು, ಗಂಟು ಇದ್ದಲ್ಲೇ ಇತ್ತು.

ರಜೆಗೆ ಊರಿಗೆ ಬಂದ ಚೈತ್ರಶ್ರೀ ನಮ್ಮ ಮನೆಗೂ ಬಂದರು. ಅಡುಗೆಮನೆಯಲ್ಲಿ ಇಬ್ಬರೂ ಏನೋ ಮಾತಾಡಿದರು. ಹೊರಗೆ ಬಂದವರೇ, "ಸಾರ್, ನಾಳೆ ಏಳು ಗಂಟೆ ಬಸ್ಸಿಗೆ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ" ಎಂದರು.

"ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋದೈತೆ ಕಣಮ್ಮ."

"ನೀವು ತಿದ್ಕೊಂಡಿರಿ, ನಾವು ಹೋಗ್ಬುಡ್ತೀವಿ" ಎಂದರು ವಿಶಾಲಮ್ಮ.

ಸಭಿಕರೇ, ಫೆಬ್ರವರಿಯಲ್ಲಿ ಯಾವ ಎಸ್ಸೆಸ್ಸೆಲ್ಸಿ ಪೇಪರ್? ಪರೀಕ್ಷೆಯೇ ಆಗಿರಲಿಲ್ಲ. ಇದ್ದದ್ದು ಹೆದರಿಕೆ. ಡಾಕ್ಟರು ಹೆಸರು ಹೇಳುವವರೆಗೆ ಅದು ಕಾಯಿಲೆಯಲ್ಲ ಎಂದುಕೊಂಡಿದ್ದೆ. ಬೆಳಗ್ಗೆ ಬಸ್ಸು ಹೊರಟಿತು. ನನಗೆ ತಡೆಯಲಾಗಲಿಲ್ಲ, ಓಡಿ ಹತ್ತಿದೆ. ಹಾಸನದಲ್ಲಿ ಇಳಿದು ನೋಡಿಕೊಂಡರೆ ಎಡಗಾಲಿನ ಚಪ್ಪಲಿ ವಿಶಾಲಮ್ಮನವರದು!

ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಆಪರೇಷನ್ ಆಯಿತು. ಗಡ್ಡೆಯ ತುಂಬ ಅದೇ ಗ್ರಾಹಕ. ಅದನ್ನೇ ಹೋಗಿ ಹಿಡಿದುಕೊಳ್ಳುವ ಹೊಸ ಔಷಧದ ಪ್ರಯೋಗ ಆಗ ನಡೆಯುತ್ತಿತ್ತು. ಡಾಕ್ಟರು ವಿವರಿಸುವಾಗ ನಾನು ಎಲ್ಲಕ್ಕೂ ತಲೆಯಾಡಿಸಿದೆ. ನಾಲ್ಕನೇ ಕ್ಲಾಸು ಓದಿದ ವಿಶಾಲಮ್ಮ ಮಾತ್ರ ಚೈತ್ರಶ್ರೀಯ ಕಡೆ ತಿರುಗಿ, "ಅಲ್ಲ ಕಣವ್ವ, ಆ ಗ್ರಾಹಕ ಒಳ್ಳೆ ಕೆಲ್ಸಕ್ಕೂ ಬೇಕಲ್ವಾ? ಔಷಧ ಹಾಕಿ ಅದುಮಿಬುಟ್ರೆ ಬ್ಯಾರೆ ಕಡೆ ತೊಂದ್ರೆ ಆಗಲ್ವಾ?" ಎಂದರು.

"ಆಗ್ಬೋದು ಅಮ್ಮ. ಅದಕ್ಕೇ ಆಗಾಗ ಹೃದಯ ಪರೀಕ್ಷೆ ಮಾಡ್ತಾರೆ."

ಯೋಚಿಸಿ ವಿಶಾಲಮ್ಮನೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ವರ್ಷವಿಡೀ ಓಡಾಟ. ಕೂದಲು ಹೋಯಿತು, ಮತ್ತೆ ಬಂತು. ನಾನು ಅನ್ನ ಮಾಡಲು ಕಲಿತೆ; ಅದನ್ನು ತಿಂದೂ ಆಕೆ ಬದುಕಿದರು. ಹೋದ ವಾರದ ತಪಾಸಣೆಯಲ್ಲೂ ಏನೂ ಕಂಡಿಲ್ಲ.

ಚೈತ್ರಶ್ರೀಯವರೇ, ಹಾರ ಹಾಕಲು ನನ್ನನ್ನು ಕರೆದಿದ್ದಾರೆ. ತಾಯಂದಿರೇ, ಗಂಟು ಸಿಕ್ಕರೆ ಗಂಡನ ಅಪ್ಪಣೆಗೆ ಕಾಯಬೇಡಿ. ಗಂಡ ಮೇಷ್ಟ್ರಾಗಿದ್ದರಂತೂ ಅವನಿಗೆ ಬಸ್ಸು ಹತ್ತಿದ ಮೇಲೆ ಹೇಳಿ.

ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.