ದೂರು ಬಂದಿಲ್ಲ ಎಂಬ ಸಾಲು

"ಹಲೋ... ಯಾರು ಮಾತಾಡೋದು?... ಹಲೋ, ಕೇಳಸ್ತದೇನು? ಯಾರ್ರೀ ಇದು?"

ಸಭಾಂಗಣದ ಒಳಗೆ ನಗರ ಕೌನ್ಸಿಲ್ ಸಭೆ ಆಗಲೇ ಶುರುವಾಗಿತ್ತು. ಮಹಾಶ್ವೇತಾ ಫೋನನ್ನು ಕಿವಿಗೊತ್ತಿಕೊಂಡು, ಸಾಲು ಕುರ್ಚಿಗಳ ನಡುವೆ ಮೈ ಹಿಡಿಮಾಡಿಕೊಂಡು, ಬಾಗಿಲು ದಾಟಿ ಕಾರಿಡಾರಿಗೆ ಬಂದಳು. ಸಿಡ್ನಿಯ ನಂಬರು. ಹೆಸರಿಲ್ಲ.

"ಶಶಿ? ನೀನೇನು?... ಇದ್ಯಾವ ನಂಬರೋ?... ಆಫೀಸಿಂದಾ. ಹಾಂ... ಹೌದು, ನಿನ್ನ ಮೂರು ಕಾಲ್ ಕಟ್ ಮಾಡೀನಿ. ಬೇಕಂತನ ಮಾಡೀನಿ. ನೀ ಯಾಕ ಮಾಡ್ಲಿಕ್ಕತ್ತೀ ಅಂತ ನನಗ ಗೊತ್ತದ."

ಶಶಿಧರ ಅವಳ ತಮ್ಮ, ಹನ್ನೆರಡು ವರ್ಷ ಚಿಕ್ಕವನು. ಧಾರವಾಡದಿಂದ ಸಿಡ್ನಿಗೆ ಓದಲು ಬಂದು, ಈಗ ಮ್ಯಾಕ್ವೆರಿ ಪಾರ್ಕಿನ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಪರಿಸರ ಎಂಜಿನಿಯರಾಗಿದ್ದ. ಮಹಾಶ್ವೇತಾ ಮೆಲ್ಬರ್ನಿನ ಪಶ್ಚಿಮದ ಟಾರ್ನೀಟ್‌ನಲ್ಲಿ ನರ್ಸು. ಅವಳ ಮನೆಯ ಬೀದಿ ಮುಗಿಯುವಲ್ಲಿ, ತೊರೆಯ ಆಚೆಗೆ, ಒಡೆದ ಕಟ್ಟಡಗಳ ಕಾಂಕ್ರೀಟನ್ನು ಪುಡಿಮಾಡುವ ಒಂದು ಯಾರ್ಡಿತ್ತು. ಅದನ್ನು ಇಮ್ಮಡಿ ಮಾಡುತ್ತೇವೆಂದು ಮಾಲೀಕರು ಅರ್ಜಿ ಹಾಕಿದ್ದರು. ಇದರಿಂದ ಸುತ್ತಲಿನವರ ಆರೋಗ್ಯಕ್ಕೆ ತೊಂದರೆಯಿಲ್ಲ ಎಂದು ರಿಪೋರ್ಟ್ ಕೊಟ್ಟದ್ದು ಶಶಿಧರನ ಕಂಪನಿ. ತೊಂದರೆಯಿದೆ ಎಂದು ಜನ ಕಟ್ಟಿಕೊಂಡು ಬಂದವಳು ಅವನ ಅಕ್ಕ. ಈ ಸಂಜೆ ಮತ ಬೀಳಬೇಕಿತ್ತು.

"ನಮ್ಮ ತಕರಾರು ಹಿಂದ ತಗೊಳ್ಳೋದಿಲ್ಲ... ಇಲ್ಲ. ಇಲ್ಲ ಅಂದೆ... ಮುಂದಿನ ತಿಂಗಳ ಅಲ್ಲ, ಮುಂದಿನ ವರ್ಷಾನೂ ಅಲ್ಲ. ಜನಾ ಬಂದು ಕೂತಾರ ಶಶಿ. ಮಂದೀನ ಎಬ್ಬಿಸಿಕೊಂಡು ಮನೀಗೆ ಹೋಗಲೇನು ನಾನು?"

...

"ತಡಿ ತಡಿ. ರೀಸೈಕ್ಲಿಂಗ್ ಬ್ಯಾಡ ಅಂತ ನಾ ಯಾವಾಗ ಅಂದೀನಿ?... ಹೌದು, ಹಳೇ ಕಾಂಕ್ರೀಟ್ ಮತ್ತ ಉಪಯೋಗ ಆದ್ರ ಹೊಸಾ ಗುಡ್ಡ ಕಡಿಯೋದು ತಪ್ತದ. ನನಗೂ ತಿಳೀತದ ಅಷ್ಟು. ಯಾರ್ಡಿಗೆ ಮ್ಯಾಲೆ ಮುಚ್ರಿ, ಲಾರಿ ಮಕ್ಕಳ ಸಾಲೀ ಮುಂದ ಹಾಯಿಸಬ್ಯಾಡ್ರಿ, ತೊರಿ ದಂಡಿ ಗಿಡಾ ಮುಟ್ಟಬ್ಯಾಡ್ರಿ ಅಂದೀವಿ. ಅದರಾಗ ಒಂದಾದ್ರೂ ಒಪ್ಯಾರೇನು? ಹೇಳು... ಒಪ್ಪಿಲ್ಲ. ಭೂಮಿ ಉಳಸ್ತೀವಿ ಅಂತ ಹಸಿರು ಬೋರ್ಡ್ ಹಾಕ್ಕೊಂಡು ನಮ್ಮ ಎದಿಯೊಳಗ ಧೂಳಾ ತುಂಬಿದ್ರ, ಅದು ಯಾರ ಭೂಮಿನೋ?"

ಆ ಗಿಡಗಳನ್ನು ನೆಟ್ಟವರು ಎಂಜಿನಿಯರುಗಳಲ್ಲ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಊರಿಂದ ಬಂದ ಅಜ್ಜಿಯರು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಮನೆಗೆ ಹೋಗಿ ನಾಲ್ಕು ಗೋಡೆ ನೋಡುತ್ತ ಕೂಡಲಾರದೆ, ತೊರೆಯ ದಂಡೆಯ ಮೇಲೆ ನಡೆಯತೊಡಗಿದವರು. ಮೊದಲು ಮೂವರು, ಆಮೇಲೆ ಹತ್ತೊಂಬತ್ತು. ಕನ್ನಡದವರು, ತೆಲುಗಿನವರು, ಪಂಜಾಬಿನವರು, ಒಬ್ಬ ಸೊಮಾಲಿ ಮುದುಕಿ. ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಕೈಸನ್ನೆ. ಅವರನ್ನು ಕೂಡಿಸಿದವಳು ಬೆಳಗಾವಿ ಕಡೆಯ ಚನ್ನಕ್ಕ. ಅರವತ್ತೆಂಟು ವರ್ಷದ ಹೆಂಗಸು, ಸೀರೆಯ ಮೇಲೆ ಮೊಮ್ಮಗನ ಜಾಕೀಟು, ಕಾಲಲ್ಲಿ ಓಡುವ ಬೂಟು. ಬೇಲಿಗೆ ಕಟ್ಟಿದ ಬಿಳಿ ಅರಿವೆ ನಾಲ್ಕು ದಿನಕ್ಕೆ ಬೂದಿ ಬಣ್ಣಕ್ಕೆ ತಿರುಗುವುದನ್ನು ಎಲ್ಲರಿಗಿಂತ ಮೊದಲು ತೋರಿಸಿದವಳೂ ಅವಳೇ. ಇಲ್ಲಿನ ಬೇಸಿಗೆಯ ಜನವರಿಯಲ್ಲಿ, ಬಡಗಣ ಬಿಸಿಗಾಳಿ ಬೀಸಿದ ದಿನ, ತೊರೆಯ ಹತ್ತಿರ ಉಸಿರು ಕಟ್ಟಿ ಕುಸಿದು ಬಿದ್ದವಳೂ ಅವಳೇ. ಆ ದಿನ ಮಹಾಶ್ವೇತಾ ರಜೆಯಲ್ಲಿದ್ದಳು. ಓಡಿಹೋಗಿ, ಬೆನ್ನಿಗೆ ಕೈಕೊಟ್ಟು ಕೂಡಿಸಿ, ತನ್ನ ಬ್ಯಾಗಿನಲ್ಲಿದ್ದ ಉಬ್ಬಸದ ಇನ್ಹೇಲರನ್ನು ಅವಳ ಬಾಯಿಗಿಟ್ಟಿದ್ದಳು.

"ನಿಮ್ಮ ರಿಪೋರ್ಟ್ ಓದೀನಿ. ಎಲ್ಲಾ ಓದೀನಿ. ನಲವತ್ತೊಂದನೇ ಪುಟಾ ತಗಿ... ತಗದೀಯೇನು? ಸುತ್ತಲಿನ ನಿವಾಸಿಗಳಿಂದ ಆರೋಗ್ಯದ ಬಗ್ಗೆ ಹೇಳಿಕೊಳ್ಳುವಂಥ ದೂರು ಬಂದಿಲ್ಲ. ಹಿಂಗ ಬರದಾರ, ಹೌದಲ್ಲೋ?... ಎಲ್ಲಿಂದ ಬರ್ಬೇಕೋ ದೂರು? ಮನಿ ಮನಿಗೆ ಚೀಟಿ ಹಾಕಿ ಒಂದು ಫೋನ್ ನಂಬರ್ ಕೊಟ್ರಿ. ಇಂಗ್ಲಿಷಿನಾಗ ಮಾತಾಡ್ಬೇಕು. ಅದೂ ಹಗಲೊತ್ತು, ಎಲ್ಲಾರೂ ಕೆಲಸದ ಮ್ಯಾಲೆ ಇದ್ದಾಗ. ಮನ್ಯಾಗ ಉಳದವರು ಯಾರು? ಇಂಗ್ಲಿಷ್ ಬರದವರು. ಮತ್ತ ಯಾರೂ ಫೋನ್ ಮಾಡಲಿಲ್ಲ ಅಂತ ಬರೀತೀರಿ."

...

"ಆಸ್ಪತ್ರಿ ಲೆಕ್ಕಾನಾ? ಅದನ್ನೂ ನೋಡೀನಿ. ನಾನೂ ಆಸ್ಪತ್ರಿಯೊಳಗ ದುಡದಾಕಿ, ನನಗ ಹೇಳಬ್ಯಾಡ. ಅಪ್ಪ ಅವ್ವನ ವೀಸಾದ ಮ್ಯಾಲೆ ಬಂದವರಿಗೆ ಮೆಡಿಕೇರ್ ಇಲ್ಲ, ಆಸ್ಪತ್ರಿ ಖರ್ಚೆಲ್ಲಾ ಕೈಯಿಂದನ. ಆಸ್ಪತ್ರಿಗೆ ಹೋದ್ರ ಮಗಗ ತ್ರಾಸು ಅಂತ ಆ ಮುದುಕ್ಯಾರು ಉಸರು ಬಿಗಿ ಹಿಡದು ಮನ್ಯಾಗ ಕೂತಾರ. ಹೋಗದವರು ನಿಮ್ಮ ಲೆಕ್ಕದಾಗ ಹೆಂಗ ಬರ್ತಾರ?... ನಾವು ಮನಿ ಮನಿಗೆ ಹೋಗೀವಿ ಶಶಿ. ಇನ್ನೂರಾ ಹನ್ನೆರಡು ಮನಿ. ಅವರವರ ಮಾತಿನ್ಯಾಗ ಕೇಳೀವಿ. ಅರವತ್ತಮೂರು ಮನ್ಯಾಗ ಕೆಮ್ಮು, ಉಬ್ಬಸ. ಎಲ್ಲಾರೂ ಸಹಿ ಮಾಡಿ ಕೊಟ್ಟಾರ. ಇದ ಯಾರ್ಡ್ ದೊಡ್ಡ ದೊಡ್ಡ ಮನಿ ಇರೋ ಕಡೆ, ಸಮುದ್ರದ ದಂಡಿಗೆ ಹಾಕ್ರಿ ಅನ್ನು ನೋಡೋಣ. ಹಾಕ್ತಾರೇನು?"

ಅವಳ ಧ್ವನಿ ಏರಿತ್ತು. ಕಾರಿಡಾರಿನಲ್ಲಿ ಹೋಗುತ್ತಿದ್ದ ಒಬ್ಬ ಯುವತಿ ತಿರುಗಿ ನೋಡಿದಳು. ಮಹಾಶ್ವೇತಾ ಗೋಡೆಯ ಕಡೆ ಮುಖ ಮಾಡಿ ನಿಂತಳು. ಆಚೆಯಿಂದ ತಮ್ಮ ಈಗ ಬೇರೆಯೇ ಧ್ವನಿಯಲ್ಲಿ, ತಡೆದು ತಡೆದು, ಏನೋ ಹೇಳತೊಡಗಿದ್ದ.

"ಏನು?... ಇನ್ನೊಮ್ಮೆ ಹೇಳು... ಪಿಆರ್?"

...

"ಅದಕ್ಕ ನಿಮ್ಮ ಕಂಪನಿಯವರ ಸ್ಪಾನ್ಸರ್ ಅಂತ ಗೊತ್ತದ ನನಗ... ಅದನ್ನ ನಿಲ್ಲಸ್ತೀವಿ ಅಂದ್ರಾ ಅವರು? ಬಾಯಿ ಬಿಟ್ಟು ಅಂದ್ರಾ, ಇಲ್ಲಾ ನೀ ತಿಳ್ಕೊಂಡೀಯಾ?... ಹಾಂ. ಬಾಯಿ ಬಿಟ್ಟು ಅನ್ನೋದಿಲ್ಲ ಅವರು."

ಏಳು ವರ್ಷ ಪ್ರತಿ ಭಾನುವಾರ ಅವಳು ಅವನಿಗೆ ಫೋನ್ ಮಾಡಿದ್ದಳು. ಪರೀಕ್ಷೆ ಯಾವಾಗ, ರೂಮಿನವರು ಹೇಗೆ, ವೀಸಾ ಎಲ್ಲಿಗೆ ಬಂತು ಎಂದು ಕೇಳಿದ್ದಳು. ಈ ದೇಶದಲ್ಲಿ ಕಾಯಂ ಆಗಿ ನೆಲೆಸುವ ಪಿಆರ್ ಕಾಗದಪತ್ರ ಇನ್ನು ಎರಡು ತಿಂಗಳಲ್ಲಿ ಬರುತ್ತದೆ ಎಂದು ಅವನು ಹೋದ ವಾರ ಹೇಳಿದಾಗ ಅವಳೇ ಧಾರವಾಡಕ್ಕೆ ಫೋನ್ ಮಾಡಿ ಅವ್ವನಿಗೆ ತಿಳಿಸಿದ್ದಳು. ಒಂದು ಕ್ಷಣ, ಒಂದೇ ಕ್ಷಣ, ಒಳಗೆ ಹೋಗಿ ಅಧ್ಯಕ್ಷರಿಗೆ ಒಂದು ಚೀಟಿ ಕೊಟ್ಟರೆ ಮುಗಿಯಿತಲ್ಲ ಎಂದು ಅವಳಿಗೂ ಅನ್ನಿಸಿತು.

"ಶಶಿ, ಅಳಬ್ಯಾಡ. ಕೇಳಿಲ್ಲಿ. ನಿನ್ನ ಹೆಸರು ನಾ ಎಲ್ಲೂ ತಗದಿಲ್ಲ. ತಗಿಯೋದೂ ಇಲ್ಲ... ಆದ್ರ ಆ ಸಾಲು ಬಿಡೋದಿಲ್ಲ... ಒಂದ ಮಾತು ಕೇಳ್ತೀನಿ, ಖರೇ ಹೇಳು. ಆ ಸಾಲು ನೀ ಬರದದ್ದಾ?"

...

"ನೀ ಬರದದ್ದಲ್ಲಾ?... ಏನು ಬರದಿದ್ದಿ ಮತ್ತ?... ಇಂಗ್ಲಿಷ್ ಬರದವರನ್ನ ಕೇಳೇ ಇಲ್ಲ, ಮತ್ತ ಕೇಳಬೇಕು ಅಂತ. ನೀನ ಬರದಿದ್ದಿ. ಹಾಂ... ಯಾರು ತಗದವರು?... ಮ್ಯಾನೇಜರ್. ಅಂವನ ಇವತ್ತು ಅಕ್ಕಗ ಫೋನ್ ಮಾಡು ಅಂದವನೂ, ಹೌದಲ್ಲೋ?... ಶಶಿ, ಅಂವ ಅಲ್ಲೇ ಕೂತಾನೇನು?"

...

"ಅಲ್ಲೇ ಕೂತಾನ."

ಅವಳ ಎದೆಯಲ್ಲಿ ಅಷ್ಟು ಹೊತ್ತಿನಿಂದ ತಮ್ಮನ ಮೇಲಿದ್ದ ಸಿಟ್ಟೆಲ್ಲ ಅಲ್ಲಿಂದ ಎದ್ದು ಬೇರೆ ಕಡೆ ಹೋಗಿ ಕೂತಿತು. ಆಗಲೇ ಬಾಗಿಲು ತೆರೆದು ಚನ್ನಕ್ಕ ಹೊರಗೆ ಬಂದಳು. ಹಿಂದೆಯೇ ಕೌನ್ಸಿಲಿನ ಗುಮಾಸ್ತೆ, ಕೈಯಲ್ಲಿ ಪಟ್ಟಿ.

"ಬಾರವಾ, ನನ್ನ ಹೆಸರು ಕರದ್ರು. ಈಕಿ ಏನೋ ಅನ್ನಾಕತ್ತಾಳ, ತಿಳೀವಲ್ದು."

ಗುಮಾಸ್ತೆ ಮೃದುವಾಗಿಯೇ ಹೇಳಿದಳು. ಒಬ್ಬರಿಗೆ ಮೂರೇ ನಿಮಿಷ, ಅನುವಾದಕ್ಕೆ ಸಮಯ ಸಾಲದು, ಅಜ್ಜಿಯ ಬದಲು ನೀವೇ ಇಂಗ್ಲಿಷಿನಲ್ಲಿ ಹೇಳಿದರೆ ಎಲ್ಲರಿಗೂ ಅನುಕೂಲ ಎಂದಳು. ಮಹಾಶ್ವೇತಾ ಅದನ್ನು ಕನ್ನಡದಲ್ಲಿ ಚನ್ನಕ್ಕನಿಗೆ ಹೇಳಿದಳು.

ಚನ್ನಕ್ಕ ಜಾಕೀಟಿನ ಜಿಪ್ಪು ಮೇಲೆಳೆದುಕೊಂಡಳು. "ಉಸರು ನಂದು. ಮಾತೂ ನಂದ. ನೀ ಬರೇ ದಾಟಿಸಿ ಕೊಡು."

"ಶಶಿ, ನಾ ಒಳಗ ಹೋಗ್ಲಿಕ್ಕತ್ತೀನಿ... ಇಡಬ್ಯಾಡ. ಫೋನ್ ಹಿಡಕೊಂಡಿರು. ಸ್ಪೀಕರ್ ಮ್ಯಾಲೆ ಹಾಕು, ನಿಮ್ಮ ಸಾಹೇಬರೂ ಕೇಳಲಿ."

ಮಹಾಶ್ವೇತಾ ಗುಮಾಸ್ತೆಗೆ ಹೇಳಿದಳು: ಮೂರು ನಿಮಿಷ ಅಜ್ಜಿಯದು, ಅನುವಾದದ ಮೂರು ನಿಮಿಷ ಬೇರೆ, ಇಲ್ಲವಾದರೆ ಈ ಸಭೆ ಯಾರಿಗಾಗಿ ಎಂದು ಬಾಗಿಲ ಮೇಲೆ ಬರೆದು ಹಾಕಿ. ಗುಮಾಸ್ತೆ ಒಳಗೆ ಹೋಗಿ ಅಧ್ಯಕ್ಷರನ್ನು ಕೇಳಿದಳು. ಅಧ್ಯಕ್ಷರು ತಲೆಯಾಡಿಸಿದರು.

ಮೈಕಿನ ಮುಂದೆ ಚನ್ನಕ್ಕ ಗಿಡ್ಡವಾದಳು. ಯಾರೋ ಮೈಕು ಬಗ್ಗಿಸಿ ಕೊಟ್ಟರು. ಮಹಾಶ್ವೇತಾ ಪಕ್ಕದಲ್ಲಿ ನಿಂತು, ಫೋನನ್ನು ಅಂಗೈಯಲ್ಲಿ ತೆರೆದೇ ಹಿಡಿದುಕೊಂಡು, ಒಂದೊಂದು ಮಾತನ್ನೂ ಇಂಗ್ಲಿಷಿಗೆ ದಾಟಿಸಿದಳು.

"ನಾನು ಚನ್ನಕ್ಕ ಅಂತ್ರಿ. ನಮ್ಮ ಮನೀ ಟಪಾಲ ಡಬ್ಬಿಯೊಳಗ ನೀವು ಒಂದು ಚೀಟಿ ಹಾಕಿದ್ರಿ. ನನಗ ಓದಾಕ ಬರಲಿಲ್ರಿ. ಆದ್ರ ಉಸರು ಎಳ್ಯಾಕ ಆಗವಲ್ದು ಅನ್ನೂದು ತಿಳ್ಯಾಕ ನನಗ ಯಾವ ಇಂಗ್ಲಿಷೂ ಬೇಕಾಗಲಿಲ್ಲ. ಇಲ್ಲಿ ಯಾರಿಗೂ ತ್ರಾಸಿಲ್ಲ ಅಂತ ನಿಮ್ಮ ಕಾಗದದಾಗ ಬರದಾರಂತ. ಬರದವರು ನಮ್ಮ ಓಣ್ಯಾಗ ಬಂದಿಲ್ಲ. ಬಂದಿದ್ರ ಚಹಾ ಕೊಟ್ಟು ಹೇಳ್ತಿದ್ವಿ. ತೊರಿ ದಂಡಿಗೆ ನಾವು ನಾಕನೂರು ಸಸಿ ಹಚ್ಚೀವ್ರಿ. ಧೂಳ ತಡೀಲಿ, ಮಕ್ಕಳಿಗೆ ನೆಳ್ಳ ಆಗ್ಲಿ ಅಂತ ಹಚ್ಚೀವಿ. ಈ ದೇಶ ನಮ್ಮದಲ್ಲ ಅಂತ ಸುಮ್ನ ಕೂತಿಲ್ಲ. ಉಸರಾಡೂ ಗಾಳಿ ನಮ್ಮದ ಐತಿ. ದವಾಖಾನಿಗೆ ಹೋಗಲಾರದವರು ನಿಮ್ಮ ಲೆಕ್ಕದಾಗ ಬರಂಗಿಲ್ಲಂತ. ಅದಕ್ಕ ನಾವ ಬಂದೀವಿ. ಎಣಿಸ್ರಿ."

ಅವಳು ಹಿಂದೆ ತಿರುಗಿ ಕೈ ಎತ್ತಿದಳು. ಕೊನೆಯ ಎರಡು ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಮಂಡಿನೋವಿನವರು ಮುಂದಿನ ಕುರ್ಚಿ ಹಿಡಿದು ಎದ್ದರು. ಸೊಮಾಲಿ ಮುದುಕಿಗೆ ಕೆಮ್ಮು ಬಂತು, ಆಕೆ ಕೆಮ್ಮುತ್ತಲೇ ನಿಂತಳು. ಎದುರಿನ ಮೇಜಿನ ಹಿಂದೆ ಒಬ್ಬ ಸದಸ್ಯೆ, ತನಗೇ ತಿಳಿಯದಂತೆ, ಪೆನ್ನಿನ ತುದಿಯಿಂದ ಎಣಿಸುತ್ತಿದ್ದಳು.

ಕಾಲು ಗಂಟೆಯ ನಂತರ ಮಹಾಶ್ವೇತಾ ಮತ್ತೆ ಕಾರಿಡಾರಿಗೆ ಬಂದಳು.

"ಹಲೋ... ಶಶಿ, ಇದ್ದೀಯಾ?... ಇದ್ದೀ. ಎಲ್ಲಾ ಕೇಳಿಸ್ತೇನು?... ಹೂಂ, ಅದ ಚನ್ನಕ್ಕ... ಮತ ಆತು. ಐದು, ನಾಕು. ಒಪ್ಪಿಗಿ ಕೊಡಲಿಲ್ಲ, ತಡದಾರ. ಜನರ ಭಾಷಾದಾಗ, ಮನಿ ಮನಿಗೆ ಹೋಗಿ ಹೊಸಾದಾಗಿ ಕೇಳ್ಬೇಕು, ಈ ಹೆಂಗಸರನ್ನ ಜೋಡಿ ಕರ್ಕೊಂಡು ಹೋಗ್ಬೇಕು ಅಂತ ಬರಿಸ್ಯಾರ. ಅಲ್ಲೀ ತನಕ ಯಾರ್ಡ್ ಇದ್ದಷ್ಟ ಇರ್ಬೇಕು... ಗೆದ್ದಿಲ್ಲೋ, ಗೆದ್ದಿಲ್ಲ. ಸೋತೂ ಇಲ್ಲ. ಮತ್ತ ಬರ್ತಾರ ಅವರು. ಬರ್ಲಿ. ನಾವೂ ಬರ್ತೀವಿ."

...

"ನಿನ್ನ ಸಲುವಾಗಿ ನನಗ ಅಂಜಿಕಿ ಅದ. ಇಲ್ಲ ಅನ್ನೋದಿಲ್ಲ... ಏನಾದ್ರೂ ಆದ್ರ ಇಲ್ಲಿಗೆ ಬಾ. ಬ್ಯಾರೆ ದಾರಿ ಹುಡುಕೋಣ. ಅವ್ವಗ ನಾ ಹೇಳ್ತೀನಿ... ಏನು?... ಯಾವ ಡ್ರಾಫ್ಟ್?"

...

"ಮೊದಲಿಂದು. ನಿನ್ನ ಸಾಲು ಇದ್ದದ್ದು. ನಿನ್ನ ಹತ್ರ ಅದ... ಬ್ಯಾಡ, ನನಗ ಕಳಿಸಬ್ಯಾಡ. ಕದ್ದು ಮುಚ್ಚಿ ನನಗ ಕೊಟ್ರ ಅದು ಅಕ್ಕ ತಮ್ಮಂದಿರ ಆಟ ಆಗ್ತದ. ನೀ ಬರದದ್ದು, ನೀನ ಹೇಳ್ಬೇಕು... ಯಾರಿಗೆ?... ಕೌನ್ಸಿಲಿಗೆ ನೀನ ಬರೀತೀ? ನಿನ್ನ ಹೆಸರು ಹಾಕಿ?... ಶಶಿ, ವಿಚಾರ ಮಾಡಿ ಹೇಳ್ಲಿಕ್ಕತ್ತೀಯಾ? ನಾ ಒತ್ತಾಯ ಮಾಡೂದಿಲ್ಲ."

ಆಚೆ ಕುರ್ಚಿ ಸರಿದ ಸದ್ದು. ಇನ್ನೊಂದು ಗಂಡು ದನಿ, ಆ ಮ್ಯಾನೇಜರನದೇ ಇರಬೇಕು, ಇಂಗ್ಲಿಷಿನಲ್ಲಿ ಏನೋ ಕೇಳಿತು. ಅದಕ್ಕೆ ಶಶಿಧರ, ಅಕ್ಕನಿಗಲ್ಲ, ಆ ದನಿಗೆ, ಉತ್ತರ ಕೊಡುತ್ತಿದ್ದ. ಚಿಕ್ಕಂದಿನಿಂದಲೂ ದೊಡ್ಡವರ ಮುಂದೆ ನೆಲ ನೋಡುತ್ತಲೇ ಮಾತಾಡುತ್ತಿದ್ದ ಹುಡುಗ. ಮಹಾಶ್ವೇತಾ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಉಸಿರು ಬಿಗಿಹಿಡಿದು ಕೇಳಿದಳು.

"ಹಾಂ... ಕೇಳಸ್ಲಿಕ್ಕತ್ತದ... ಆ ಸಾಲು ನಂದಲ್ಲ ಅಂದಿ. ನನ್ನ ಸಾಲು ನೀವು ತಗದ್ರಿ ಅಂದಿ. ಅವನ ಮಾರೀಗೇ ಅಂದಿ... ಗಟ್ಟಿಯಾಗಿ ಹೇಳೋ ತಮ್ಮಾ, ಇನ್ನೂ ಗಟ್ಟಿಯಾಗಿ. ನಾ ಇಲ್ಲೇ ಇದ್ದೀನಿ. ಹೇಳು, ನಿಲ್ಲಸಬ್ಯಾಡ, ಪೂರಾ ಹೇ..."

ಆಚೆ ಯಾರದೋ ಬೆರಳು ಬಟನ್ ಒತ್ತಿತು. ಲೈನು ಕಡಿದುಹೋಯಿತು.