ಶರ್ಟಿನ ದಿಂಬು

ಅಲ್ಲ ಕಣೇ ಚಿನ್ನಿ, ಅವತ್ತೂ ಎಲ್ಲಾ ದಿನದ ಹಾಗೇ ಇತ್ತು ಅಂತಲೇ ಬರಿ. ಮಂಗಳವಾರ. ಅಂಚೆಯವರು ಮೂರು ಪೊಟ್ಟಣ ಕೊಟ್ಟರು, ನೀನು ಸಹಿ ಹಾಕಿದೆ, ನಾನು ಟೇಪು ಕತ್ತರಿಸಿದೆ. ಮೂರನೆಯದರಲ್ಲಿ ಒಂದು ಶರ್ಟು. ತಿಳಿಹಳದಿ, ಉದ್ದ ತೋಳು, ಎಡಗಡೆ ಜೇಬು. ಅಷ್ಟೇ. ಬರಿ, ಬರಿ... ನಾಲ್ಕು ಗಂಟೆಗೆ ದೂರಿಗೆ ಉತ್ತರ ಬರೆಯೋ ಆ ಪುಟ ಮುಚ್ಚಿಹೋಗುತ್ತೆ. ಆಗಲೇ ಮೂರೂಕಾಲು.

ಯಾಕೆ ಕೈ ತೆಗೆದೆ? ನಾನು ಹೇಳೋದು, ನೀನು ಟೈಪ್ ಮಾಡೋದು, ಇಷ್ಟು ದಿನ ಹಾಗೇ ತಾನೇ ನಮ್ಮ ಅಂಗಡಿ ನಡೆದದ್ದು?

ಸರಿ, ನಾನೇ ನಿಧಾನವಾಗಿ ಹೇಳ್ತೀನಿ. "ತೀರಿಕೊಂಡವರ ಶರ್ಟು ಕಳಿಸಿದರೆ ದಿಂಬು ಮಾಡಿ ಕೊಡ್ತೀವಿ. ಜೇಬು, ಗುಂಡಿ ಮುಂದುಗಡೆ ಹಾಗೇ ಇರುತ್ತೆ. ಹಾಗೇ ಮಾಡಿದೀವಿ. ಹೊಲಿಗೆಯಲ್ಲಿ ತಪ್ಪಿಲ್ಲ ಅಂತ ಶರ್ಟು ಕಳಿಸಿದ ಆ ತಾಯಿಯೇ ಒಪ್ಪಿದ್ದಾರೆ." ಒಪ್ಪಿದ್ದಾರಲ್ಲವಾ? ಮತ್ತೆ ದೂರು ಏನು? ಸೋಪಿನ ವಾಸನೆ! ದಿಂಬಿಗೆ ಬಟ್ಟೆ ಸೋಪಿನ ವಾಸನೆ ಬರುತ್ತಂತೆ, ಮಗನ ವಾಸನೆ ಇಲ್ಲವಂತೆ. ಅದಕ್ಕೆ ಬ್ಯಾಂಕಿಗೆ ಹೇಳಿ ದುಡ್ಡು ವಾಪಸ್ ಕೇಳೋದಾ?

ಇದು ಮೂರನೇ ತಕರಾರು ಕಣೇ. ಮೂರಾದರೆ ಆನ್‌ಲೈನಲ್ಲಿರೋ ನಮ್ಮ ಅಂಗಡಿಯ ಪುಟವನ್ನೇ ತೆಗೆದುಹಾಕ್ತಾರೆ. ಮೊದಲನೆಯದು ಪೊಟ್ಟಣ ಕಳೆದದ್ದು. ಎರಡನೆಯದು ಆ ಕೋಟಿನವನು... ಬಣ್ಣ ಸರಿಯಿಲ್ಲ ಅಂದ! ಅವನ ಅಪ್ಪನ ಕೋಟು, ಅವನೇ ಕಳಿಸಿದ್ದು. ಬಣ್ಣಕ್ಕೆ ನಾನು ಹೊಣೆಯಾ?

ನಗ್ತೀಯಾ? ನಗು, ನಗು. ನಾಳೆಯಿಂದ ಇಬ್ಬರೂ ಈ ಮೆಷಿನ್ನಿನ ಎದುರು ಸುಮ್ಮನೆ ಕೂತ್ಕೊಂಡು ನಗೋಣ.

...ಅದಲ್ಲ. ಬೈದೆ ಅಂದ್ಕೋಬೇಡ. ಬರಿ. "ಕತ್ತರಿಸೋ ಮೊದಲು ಯಾವ ಬಟ್ಟೆಯಾದರೂ ಒಂದು ಸಲ ನೀರಿಗೆ ಹಾಕ್ತೀವಿ. ಇಲ್ಲದಿದ್ದರೆ ಆಮೇಲೆ ಕುಗ್ಗಿ ಹೊಲಿಗೆ ಬಿಟ್ಟುಕೊಳ್ಳುತ್ತೆ. ಇದು ಕಸುಬಿನ ಪದ್ಧತಿ." ಪದ್ಧತಿ ಅನ್ನೋದನ್ನ ಎರಡು ಸಲ ಹಾಕು. "ತೊಳೆಯಬೇಡಿ ಅಂತ ನಮಗೆ ಯಾರೂ ಹೇಳಲಿಲ್ಲ."

ಮತ್ತೆ ನಿಂತೆಯಲ್ಲ!

ಚೀಟಿಯಾ? ಹೂಂ, ಆಕೆ ಹೇಳ್ತಾಳೆ. ತೊಳೆಯಬೇಡಿ ಅಂತ ಶಾಯಿ ಪೆನ್ನಲ್ಲಿ ಬರೆದು ಜೇಬಲ್ಲಿಟ್ಟಿದ್ದೆ ಅಂತ. ಇಟ್ಟಿದ್ದರೂ ಇಟ್ಟಿರಬಹುದು, ನನ್ನ ಕಣ್ಣಿಗೆ ಬೀಳಲಿಲ್ಲ. ಬಕೆಟ್ಟಿನಲ್ಲಿ ನೆನೆದು ಮುದ್ದೆಯಾಗಿ ನೀರಿನ ಜೊತೆ ಹೋಗಿರಬೇಕು. ಅದನ್ನೇ ಬರಿ. "ಚೀಟಿ ಜೇಬಿನಲ್ಲೇ ಇದ್ದು ಒದ್ದೆಯಾಗಿ ಹಾಳಾಗಿರಬಹುದು, ವಿಷಾದಿಸುತ್ತೇವೆ." ವಿಷಾದ ಅಂದರೆ ಸಾಕು, ಕ್ಷಮೆ ಬೇಡ. ಕ್ಷಮೆ ಕೇಳಿದರೆ ತಪ್ಪೊಪ್ಪಿಕೊಂಡ ಹಾಗಾಗುತ್ತೆ.

ಏನು ಹುಡುಕ್ತಾ ಇದ್ದೀಯ ಅದರಲ್ಲಿ? ಆಕೆಯ ಹಳೇ ಸಂದೇಶಗಳಾ? ಬೇಡ, ಅವನ್ನ ತೆಗೀಬೇಡ... ಓದಿದೀನಿ. ಮೂರನ್ನೂ ಓದಿದೀನಿ. "ದುಡ್ಡು ನೀವೇ ಇಟ್ಟುಕೊಳ್ಳಿ, ನನ್ನ ಚೀಟಿ ನೋಡಿದಿರಾ, ಅಷ್ಟು ಹೇಳಿ ಸಾಕು." ಮೂರು ಸಲ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಅದಕ್ಕೇ ಬ್ಯಾಂಕಿಗೆ ಹೋದಳು. ಆಯ್ತಾ? ಕೆಲಸ ಇತ್ತು ನನಗೆ! ಆ ವಾರ ಏಳು ದಿಂಬು ಇದ್ದವು!

ಹಾಗೆ ನೋಡಬೇಡ ಚಿನ್ನಿ.

ನಿನಗೇನು ಗೊತ್ತು? ನೀನು ಸಹಿ ಹಾಕಿ ಒಳಗೆ ಹೋದೆ. ಆ ಶರ್ಟನ್ನ ಮೇಜಿನ ಮೇಲೆ ಹರಡಿದವಳು ನಾನು. ಕಾಲರಿನಲ್ಲಿ ಆ ಗಡ್ಡದ ಸೋಪು, ತೋಳಿನಲ್ಲಿ ಸ್ವಲ್ಪ ಬೆವರು, ಸ್ವಲ್ಪ ಪೆನ್ಸಿಲ್ ಹೊಟ್ಟು... ಇಡೀ ಕೋಣೆ ತುಂಬಿಕೊಂಡಿತು. ನಿಮ್ಮಣ್ಣಂದೂ ಅದೇ ಸೋಪು. ಯಾರೋ ಸ್ನಾನ ಮುಗಿಸಿ ಹಿಂದೆ ಬಂದು ನಿಂತ ಹಾಗೆ. ಇಡೀ ದಿನ ಅದನ್ನ ಮಡಿಲಲ್ಲಿಟ್ಕೊಂಡು ಹೊಲೀಬೇಕಿತ್ತು. ನೀನು ಹೊಲೀತಿದ್ದೆಯಾ? ಹೇಳು, ಹೊಲೀತಿದ್ದೆಯಾ?

ನಿಮ್ಮಣ್ಣ ಹೋಗಿ ವಾರ ತುಂಬೋ ಮೊದಲೇ ನಾನು ಅವರ ಬಟ್ಟೆಯನ್ನೂ ಒಗೆದು ಹಾಕಿದೆ. ಒಂದು ಬನಿಯನ್ನೂ ಬಿಡಲಿಲ್ಲ. ನೀನು ಬಾಗಿಲಲ್ಲಿ ನಿಂತಿದ್ದೆ. ಬೇಡ ಅತ್ತಿಗೆ, ಒಂದನ್ನಾದರೂ ಬಿಡಿ ಅಂತ ಆಗಲೇ ಹೇಳಬಹುದಿತ್ತಲ್ಲ.

ಮೂರೂವರೆ ದಾಟಿತು. ಬರಿ ನಮ್ಮಮ್ಮಾ, ಕೈ ಮುಗೀತೀನಿ. "ಚೀಟಿ ನಮಗೆ ಕಾಣಲಿಲ್ಲ." ಮೂರೇ ಪದ. ಮಿಕ್ಕಿದ್ದು ಏನೂ ಬೇಡ.

ಎಲ್ಲಿಗೆ ಎದ್ದೆ? ಚಿನ್ನಿ... ಗುಂಡಿ ಡಬ್ಬಿ ಯಾಕೆ ಈಗ? ಇಡು ಅದನ್ನ. ಇಡು ಅಂದೆ! ಚೆಲ್ಲಬೇಡ, ಬಿಳೀ ಗುಂಡಿ ಎಲ್ಲಾ ಬೇರೆ ಮಾಡಿಟ್ಟಿದೀನಿ...

ಹೂಂ. ಅದೇ ಚೀಟಿ.

ಒಗೆದ ಮೇಲೆ ಸಿಕ್ಕಿತು. ಜೇಬು ಉಲ್ಟಾ ಮಾಡಿದಾಗ ಸಿಕ್ಕಿತು, ಒಣಗಿಸಿ ಅದರಲ್ಲಿ ಹಾಕಿಟ್ಟೆ. ನಿನಗೆ ಹೇಳೋಣ ಅಂತಲೇ ಇದ್ದೆ, ಮರೆತೆ... ಅದನ್ನ ಯಾಕೆ ಕಿಟಕಿ ಹತ್ತಿರ ಹಿಡೀತೀಯ? ಬೈದುಬಿಡು. ಚಿನ್ನೀ...

ಹೌದು.

ಶಾಯಿ ಎಲ್ಲೂ ಹರಡಿಲ್ಲ.